ಮೂವತ್ನಾಲ್ಕರ ಲೆಕ್ಕ

ಹಸಿರು ಪರದೆಯ ಮುಂದೆ ನಿಂತ ನಟನನ್ನು ಹಿಮಪರ್ವತದ ನೆತ್ತಿಗೇರಿಸುವ ಕೆಲಸಕ್ಕೆ ಚಲನಚಿತ್ರರಂಗದಲ್ಲಿ ಕಾಂಪೋಸಿಟಿಂಗ್ ಎಂದು ಹೆಸರು. ಬೇರೆ ಬೇರೆಯಾಗಿ ಸಿದ್ಧಗೊಂಡ ಪದರಗಳನ್ನು ಒಂದರ ಮೇಲೊಂದು ಕೂಡಿಸಿ, ಎಲ್ಲವೂ ಒಂದೇ ಕ್ಯಾಮರಾದ ಕಣ್ಣಿಗೆ ಬಿದ್ದಂತೆ ತೋರಿಸುವುದು ಅದರ ಸಾರ. ಪ್ರೇಕ್ಷಕರು ಕಾಣುವುದು ಫಲವನ್ನು ಮಾತ್ರ. ಅದರ ಹಿಂದಿನ ನಕ್ಷೆಯನ್ನಲ್ಲ.

ಈ ಕೆಲಸದಲ್ಲಿ ಇಂದು ಬಹುವಾಗಿ ಬಳಕೆಯಲ್ಲಿರುವ ತಂತ್ರಾಂಶ ನ್ಯೂಕ್. ಅಮೆರಿಕದ ಡಿಜಿಟಲ್ ಡೊಮೇನ್ ಸಂಸ್ಥೆಯಲ್ಲಿ, ಅಲ್ಲಿನ ಸ್ವಂತ ಬಳಕೆಗೆಂದು 1993ರಲ್ಲಿ ಅದರ ರಚನೆ ಆರಂಭವಾಯಿತು. ಫಿಲ್ ಬೆಫ್ರಿ ತೊಡಗಿದ್ದನ್ನು ಬಿಲ್ ಸ್ಪಿಟ್ಜಾಕ್ ಮುಂದುವರಿಸಿದರು. ಹೆಸರು ಕೇಳಿ ಅಣುಬಾಂಬನ್ನು ನೆನೆಯಬೇಕಾಗಿಲ್ಲ. ‘ನ್ಯೂ ಕಾಂಪೋಸಿಟರ್’ ಎಂಬ ಮಾತಿನ ಸಂಕ್ಷೇಪವದು. 2007ರಲ್ಲಿ ಅದು ಲಂಡನ್ನಿನ ಫೌಂಡ್ರಿ ಸಂಸ್ಥೆಯ ಕೈಸೇರಿತು. ಮರುವರ್ಷ ಹೊರಬಂದ ಐದನೆಯ ಆವೃತ್ತಿಯಲ್ಲಿ ಪೈಥಾನ್ ಭಾಷೆಯ ಮೂಲಕ ಅದಕ್ಕೆ ಆಜ್ಞೆ ಕೊಡುವ ಸೌಲಭ್ಯ ಕೂಡಿಕೊಂಡಿತು.

ನ್ಯೂಕ್‌ನಲ್ಲಿ ಪ್ರತಿಯೊಂದು ಕ್ರಿಯೆಯೂ ಒಂದು ಪುಟ್ಟ ಪೆಟ್ಟಿಗೆ. ಅದಕ್ಕೆ ನೋಡ್ ಎನ್ನುತ್ತಾರೆ. ಚಿತ್ರವನ್ನು ಓದುವುದಕ್ಕೊಂದು, ಮಸುಕಾಗಿಸುವುದಕ್ಕೊಂದು, ಬಣ್ಣ ತಿದ್ದುವುದಕ್ಕೊಂದು, ಎರಡನ್ನು ಬೆರೆಸುವುದಕ್ಕೊಂದು. ಇವುಗಳನ್ನು ಗೆರೆಗಳು ಜೋಡಿಸುತ್ತವೆ. ಚಿತ್ರ ಮೇಲಿನಿಂದ ಕೆಳಗೆ ಹರಿದು ಬರುತ್ತದೆ. ಕೆಲವೇ ಕ್ಷಣಗಳ ದೃಶ್ಯಕ್ಕೂ ನೂರಾರು ಪೆಟ್ಟಿಗೆಗಳು ಬೇಕಾಗುವುದುಂಟು. ಪೆಟ್ಟಿಗೆ ಎಲ್ಲಿ ಕುಳಿತಿದೆ ಎಂಬುದರಿಂದ ತೆರೆಯ ಮೇಲಿನ ಚಿತ್ರದಲ್ಲಿ ಒಂದು ಚುಕ್ಕೆಯೂ ಬದಲಾಗುವುದಿಲ್ಲ. ಹಾಗಿದ್ದರೆ ಅವುಗಳನ್ನು ಸಾಲಾಗಿಡುವ ಶ್ರಮವೇಕೆ?

ಉತ್ತರ ಮರುದಿನ ಬರುವವನಲ್ಲಿದೆ. ಒಬ್ಬ ಕಲಾವಿದ ಆರಂಭಿಸಿದ್ದನ್ನು ಇನ್ನೊಬ್ಬ ಮುಗಿಸುವುದು ಈ ವೃತ್ತಿಯಲ್ಲಿ ಸಾಮಾನ್ಯ. ಗೆರೆಗಳು ಒಂದರ ಮೇಲೊಂದು ಹೆಣೆದುಕೊಂಡ ನಕ್ಷೆ ಕೈಗೆ ಬಂದರೆ, ಯಾವ ಬಣ್ಣ ಎಲ್ಲಿ ತಿದ್ದಲ್ಪಟ್ಟಿತೆಂದು ಹುಡುಕುವುದರಲ್ಲೇ ಅರ್ಧದಿನ ಕಳೆಯುತ್ತದೆ. ಪುಟಸಂಖ್ಯೆಯಿಲ್ಲದ ದಾವೆಯ ಕಡತವನ್ನು ವಿಚಾರಣೆಯ ಹಿಂದಿನ ರಾತ್ರಿ ಕೈಗೆತ್ತಿಕೊಂಡ ವಕೀಲನ ಪಾಡೂ ಇದೇ. ಆದುದರಿಂದ ಕೆಲವು ರೂಢಿಗಳು ಬೆಳೆದಿವೆ. ಬೆರೆಸುವ ನೋಡ್‌ಗೆ ‘ಎ’ ಮತ್ತು ‘ಬಿ’ ಎಂಬ ಎರಡು ದಾರಿಗಳು. ‘ಬಿ’ ನೇರವಾಗಿ ಕೆಳಗಿಳಿಯಬೇಕು, ‘ಎ’ ಪಕ್ಕದಿಂದ ಬಂದು ಸೇರಬೇಕು. ಇದು ಬರಿಯ ಅಂದದ ಮಾತಲ್ಲ. ಆ ನೋಡನ್ನು ನಿಷ್ಕ್ರಿಯಗೊಳಿಸಿದಾಗ ‘ಬಿ’ಯ ಚಿತ್ರವೇ ಮುಂದೆ ಸಾಗುವುದರಿಂದ, ಆ ದಾರಿಯೇ ನಕ್ಷೆಯ ಬೆನ್ನೆಲುಬು.

ನೂರಾರು ಪೆಟ್ಟಿಗೆಗಳನ್ನು ಕೈಯಿಂದ ಸರಿಸುವುದು ಬೇಸರದ ಕೆಲಸ. ತಂತ್ರಾಂಶದಲ್ಲೇ ತಾನಾಗಿ ಜೋಡಿಸುವ ಆಜ್ಞೆಯೊಂದು ಇದೆ. ಆದರೆ ಕಲಾವಿದನ ಮನಸ್ಸಿನಲ್ಲಿರುವ ವಿಂಗಡಣೆ ಅದಕ್ಕೆ ತಿಳಿಯದು. ಇಲ್ಲಿ ನೆರವಿಗೆ ಬರುವುದು ಪೈಥಾನ್. ಪ್ರತಿ ನೋಡ್‌ಗೂ ‘ಎಕ್ಸ್‌ಪೋಸ್’, ‘ವೈಪೋಸ್’ ಎಂಬ ಎರಡು ಸಂಖ್ಯೆಗಳಿರುತ್ತವೆ. ಅವು ಪ್ರೌಢಶಾಲೆಯ ಗಣಿತದಲ್ಲಿ ಕಲಿಸುವ ನಿರ್ದೇಶಾಂಕಗಳೇ ಹೊರತು ಬೇರೇನಲ್ಲ. ವ್ಯತ್ಯಾಸ ಒಂದೇ: ಪಠ್ಯಪುಸ್ತಕದಲ್ಲಿ ವೈ ಬೆಲೆ ಮೇಲಕ್ಕೆ ಹೋದಂತೆ ಹೆಚ್ಚುತ್ತದೆ, ಇಲ್ಲಿ ಕೆಳಕ್ಕೆ ಇಳಿದಂತೆ.

ಆಯ್ದ ನೋಡ್‌ಗಳೆಲ್ಲಕ್ಕೂ ಒಂದೇ ಎಕ್ಸ್ ಬೆಲೆ ಕೊಟ್ಟರೆ ಅವು ಒಂದೇ ಕಂಬಸಾಲಿನಲ್ಲಿ ನಿಲ್ಲಬೇಕಷ್ಟೆ? ಹೊಸಬರು ಎಡವುವುದು ಇಲ್ಲಿಯೇ. ಗೆರೆಯನ್ನು ತಿರುಗಿಸಲು ಬಳಸುವ ‘ಡಾಟ್’ ಎಂಬ ಸಣ್ಣ ಚುಕ್ಕೆ ಮಾತ್ರ ಎಡಕ್ಕೆ ಜಾರಿ, ಗೆರೆ ಸೊಟ್ಟಗಾಗುತ್ತದೆ. ಕಾರಣ ಸರಳ. ಎಕ್ಸ್‌ಪೋಸ್ ಸೂಚಿಸುವುದು ಪೆಟ್ಟಿಗೆಯ ಎಡಮೇಲಿನ ಮೂಲೆಯನ್ನು, ನಡುವನ್ನಲ್ಲ. ಸಾಧಾರಣ ನೋಡ್‌ನ ಅಗಲ 80, ಚುಕ್ಕೆಯದು 12. ನೋಡ್ 200ರಲ್ಲಿದ್ದರೆ ಅದರ ನಡು 240. ಚುಕ್ಕೆಯ ನಡುವೂ ಅಲ್ಲಿಯೇ ಬರಬೇಕಾದರೆ ಅದನ್ನು 234ರಲ್ಲಿ ಇಡಬೇಕು. ಅಂತರ 34. ಅನುಭವಿಗಳಿಗೆ ಈ ಸಂಖ್ಯೆ ಬಾಯಿಪಾಠ. ಆದರೆ ಬಾಯಿಪಾಠವನ್ನೇ ನಂಬಿ ಬರೆದ ಆಜ್ಞೆ, ಬೇರೆ ಅಗಲದ ನೋಡ್ ಎದುರಾದೊಡನೆ ತಪ್ಪುತ್ತದೆ. ಪ್ರತಿ ನೋಡ್‌ನ ಅಗಲವನ್ನು ‘ಸ್ಕ್ರೀನ್‌ವಿಡ್ತ್’ ಎಂಬ ಆಜ್ಞೆಯಿಂದ ಕೇಳಿ, ಅರ್ಧಿಸಿ, ನಡುವಿನಿಂದ ಕಳೆಯುವುದೇ ಸರಿಯಾದ ಮಾರ್ಗ.

ಇನ್ನೊಂದು ಎಚ್ಚರವೂ ಬೇಕು. ಸಂಬಂಧಪಟ್ಟ ನೋಡ್‌ಗಳ ಹಿಂದೆ ಬಣ್ಣದ ಹಲಗೆಯೊಂದನ್ನು ಹಾಸುವುದುಂಟು. ಅದರ ಹೆಸರು ಬ್ಯಾಕ್‌ಡ್ರಾಪ್. ಹಲಗೆಯನ್ನು ಎಳೆದರೆ ಅದರ ಮೇಲಿನವೂ ಜೊತೆಗೆ ಬರುತ್ತವೆ. ಆದರೆ ಯಾವುವು ಅದಕ್ಕೆ ಸೇರಿದವು ಎಂಬುದು ನಿರ್ಧಾರವಾಗುವುದು ಅವು ಕುಳಿತ ಜಾಗದಿಂದ ಮಾತ್ರ. ನೋಡ್‌ಗಳನ್ನು ಸರಿಸಿ ಹಲಗೆಯನ್ನು ಮರೆತ ಆಜ್ಞೆ, ಊರನ್ನು ಗಡಿಯಾಚೆ ಬಿಟ್ಟು ಗಡಿಕಲ್ಲನ್ನು ಮಾತ್ರ ಉಳಿಸಿದಂತೆ. ಆ ನೋವನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಿ ಹೇಳಬೇಕಾಗಿಲ್ಲ!

ಗಡಿಯ ಈಚೆಗಿನ ಕನ್ನಡ ಶಾಲೆಯಲ್ಲಿ ಕಲಿತ ಮಗುವಿಗೆ ಇಂಥ ವಿದ್ಯೆ ದಕ್ಕೀತೇ ಎಂಬ ಅಳುಕು ಅನೇಕ ಮನೆಗಳಲ್ಲಿದೆ. ಅಳುಕು ನಿರಾಧಾರವೆನ್ನಲಾಗದು, ತಂತ್ರಾಂಶದ ಕೈಪಿಡಿ ಇಂಗ್ಲಿಷಿನಲ್ಲಿದೆ, ಸ್ಟುಡಿಯೋದ ವ್ಯವಹಾರವೂ ಬಹುಪಾಲು ಹಾಗೆಯೇ. ಅದನ್ನು ಕಲಿಯಲೇಬೇಕು. ಆದರೆ ಮೇಲಿನ ಲೆಕ್ಕದಲ್ಲಿ ಇಂಗ್ಲಿಷ್ ಎಷ್ಟಿದೆ? ‘ಫಾರ್’, ‘ಇನ್’, ‘ಇಫ್’ ಮೊದಲಾದ ಬೆರಳೆಣಿಕೆಯ ಪದಗಳು. ಉಳಿದುದು ಕಳೆಯುವುದು, ಅರ್ಧಿಸುವುದು, ನಡುವನ್ನು ಕಂಡುಹಿಡಿಯುವುದು. ಇವನ್ನು ಮಗು ಕನ್ನಡದಲ್ಲೇ ಕಲಿತಿದೆ.

ಕಲಿಯುವವರಿಗೆಂದು ನ್ಯೂಕ್‌ನ ವಾಣಿಜ್ಯೇತರ ಆವೃತ್ತಿಯೊಂದು ಉಚಿತವಾಗಿ ಸಿಗುತ್ತದೆ. ಸಂಬಳದ ಕೆಲಸಕ್ಕೆ ಅದನ್ನು ಬಳಸುವಂತಿಲ್ಲವೆಂಬ ಷರತ್ತನ್ನು ಮೊದಲೇ ಓದಿಕೊಳ್ಳುವುದು ಒಳ್ಳೆಯದು. ಕಂಪ್ಯೂಟರ್ ತಕ್ಕಮಟ್ಟಿಗೆ ಶಕ್ತವಾಗಿರಬೇಕು. ರಜೆಯ ಒಂದು ಮಧ್ಯಾಹ್ನ ನಾಲ್ಕು ನೋಡ್‌ಗಳನ್ನೂ ಒಂದು ಚುಕ್ಕೆಯನ್ನೂ ಇಟ್ಟು, ಮೊದಲು ಕಾಗದದ ಮೇಲೆ ನಡುಗಳನ್ನು ಲೆಕ್ಕಹಾಕಿ, ಬಳಿಕ ಆಜ್ಞೆ ಬರೆದು ನೋಡಬಹುದು. ಗೆರೆ ಸೊಟ್ಟಗಾದರೆ ಕಾಗದಕ್ಕೆ ಮರಳಬೇಕು, ಅಷ್ಟೆ.