ಬುಡ ದೇಹದ್ದು, ಎಳೆ ಆರೈಕೆಯದ್ದು

ನೆತ್ತಿಯಿಂದ ಹೊರಬಂದ ಕೂದಲಿಗೆ ಜೀವವಿಲ್ಲ. ಅದು ಕೆರಾಟಿನ್ ಎಂಬ ಪ್ರೋಟೀನಿನ ಎಳೆ. ಜೀವ ಇರುವುದು ಚರ್ಮದೊಳಗಿನ ಬುಡದಲ್ಲಿ ಮಾತ್ರ. ಈ ವ್ಯತ್ಯಾಸ ಮರೆತಾಗಲೇ ಬುಡದ ತೊಂದರೆಗೆ ಎಣ್ಣೆ ಸುರಿಯುತ್ತೇವೆ, ಎಳೆಯ ತೊಂದರೆಗೆ ಮಾತ್ರೆ ನುಂಗುತ್ತೇವೆ.

ತಪ್ಪು ಕಲ್ಪನೆ: ತಲೆ ಬೋಳಿಸಿದರೆ, ಆಗಾಗ ತುದಿ ಕತ್ತರಿಸಿದರೆ ಕೂದಲು ದಟ್ಟವಾಗಿ ಬೆಳೆಯುತ್ತದೆ.

ಸತ್ಯ: ಕತ್ತರಿ ಮುಟ್ಟುವುದು ಎಳೆಯನ್ನು, ಬುಡವನ್ನಲ್ಲ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುತ್ತದೆ. ಕತ್ತರಿಸಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಬೋಳಿಸಿದ ಮೇಲೆ ಬರುವ ಕೂದಲಿನ ತುದಿ ಮೊಂಡಾಗಿರುವುದರಿಂದ ದಪ್ಪ ಎನಿಸುತ್ತದೆ. ಹಾಗೆಂದು ತುದಿ ಕತ್ತರಿಸುವುದು ವ್ಯರ್ಥವಲ್ಲ. ಸೀಳಿದ ತುದಿಯನ್ನು ಯಾವ ಸೀರಮ್ಮೂ ಶಾಶ್ವತವಾಗಿ ಬೆಸೆಯಲಾರದು. ಬಿಟ್ಟರೆ ಸೀಳು ಮೇಲಕ್ಕೇರಿ ಎಳೆಯೇ ಮುರಿಯುತ್ತದೆ.

ತಪ್ಪು ಕಲ್ಪನೆ: ಎಣ್ಣೆ ಹಚ್ಚಿದಷ್ಟೂ ಕೂದಲು ಬೆಳೆಯುತ್ತದೆ.

ಸತ್ಯ: ಕೊಬ್ಬರಿ ಎಣ್ಣೆಯ ಗುಣ ನಿಜ, ಆದರೆ ಅದು ಬೇರೆ ಗುಣ. ಅದರಲ್ಲಿ ಹೇರಳವಾಗಿರುವ ಲಾರಿಕ್ ಆಮ್ಲ ಎಳೆಯೊಳಕ್ಕೆ ಇಳಿಯಬಲ್ಲದು. ತೊಳೆಯುವಾಗ, ಬಾಚುವಾಗ ಆಗುವ ಪ್ರೋಟೀನ್ ನಷ್ಟವನ್ನು ಅದು ತಗ್ಗಿಸುತ್ತದೆ, ಸೂರ್ಯಕಾಂತಿ ಎಣ್ಣೆಯಾಗಲಿ ಖನಿಜ ತೈಲವಾಗಲಿ ತಗ್ಗಿಸುವುದಿಲ್ಲ ಎಂದು 2003ರ ಒಂದು ಅಧ್ಯಯನ ತೋರಿಸಿತು. ಅದನ್ನು ನಡೆಸಿದವರು ಕೊಬ್ಬರಿ ಎಣ್ಣೆ ಮಾರುವ ಮ್ಯಾರಿಕೊ ಕಂಪನಿಯ ಸಂಶೋಧಕರು ಎಂಬುದೂ ನೆನಪಿರಲಿ. ತಲೆಸ್ನಾನಕ್ಕೆ ಮುಂಚೆ ಎಳೆಗೆ ಹಚ್ಚಿದರೆ ಸಾಕು. ತಲೆಹೊಟ್ಟು ಇದ್ದಾಗ ನೆತ್ತಿಗೆ ಎಣ್ಣೆ ಬೇಡ: ಹೊಟ್ಟಿಗೆ ಕಾರಣವಾಗುವ ಮಲಸೇಜಿಯಾ ಎಂಬ ಶಿಲೀಂಧ್ರ ಜಿಡ್ಡನ್ನು ತಿಂದೇ ಬದುಕುತ್ತದೆ. ಕೀಟೊಕೊನಜೋಲ್ ಶಾಂಪೂವನ್ನು ನೆತ್ತಿಗೆ ಹಚ್ಚಿ, ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯುವುದು ಇದಕ್ಕೆ ಸರಿಯಾದ ಮದ್ದು.

ತಪ್ಪು ಕಲ್ಪನೆ: ಬೋರ್‌ವೆಲ್ ನೀರು, ಹೆಲ್ಮೆಟ್ಟು ತಲೆ ಬೋಳು ಮಾಡುತ್ತವೆ.

ಸತ್ಯ: ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಳೆಯ ಮೇಲೆ ಕೂತು ಕೂದಲು ಒರಟಾಗುತ್ತದೆ, ಸಿಕ್ಕಾಗುತ್ತದೆ, ಬುಡ ಸಾಯುವುದಿಲ್ಲ. ಕೊನೆಯಲ್ಲೊಂದು ಚೊಂಬು ಫಿಲ್ಟರ್ ನೀರು ಹಾಕಿಕೊಂಡರೆ ಒಳ್ಳೆಯದು. ಇನ್ನು ಬುಡಕ್ಕೆ ಆಮ್ಲಜನಕ ಬರುವುದು ರಕ್ತದಿಂದ, ಗಾಳಿಯಿಂದಲ್ಲ. ಹಾಗಾಗಿ ಹೆಲ್ಮೆಟ್ ಅದನ್ನು ಉಸಿರುಗಟ್ಟಿಸಲಾರದು. ವರ್ಷಗಟ್ಟಲೆ ಬಿಗಿಯಾಗಿ ಎಳೆದು ಹೆಣೆದ ಜಡೆ ಮಾತ್ರ ಹಣೆಯಂಚಿನ ಕೂದಲನ್ನು ಬುಡಸಹಿತ ಕಳೆಯಬಲ್ಲದು.

ತಪ್ಪು ಕಲ್ಪನೆ: ಕೂದಲು ಉದುರಿದರೆ ಶಾಂಪೂ ಬದಲಿಸಬೇಕು.

ಸತ್ಯ: ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಡೆಂಗ್ಯೂ, ಟೈಫಾಯ್ಡ್‌ನಂಥ ಜ್ವರ, ಹೆರಿಗೆ ಅಥವಾ ಶಸ್ತ್ರಚಿಕಿತ್ಸೆಯಾಗಿ ಎರಡು ಮೂರು ತಿಂಗಳಿಗೆ ಹಿಡಿಹಿಡಿಯಾಗಿ ಉದುರಬಹುದು. ಅಷ್ಟರಲ್ಲಿ ಜ್ವರ ಮರೆತಿರುತ್ತದೆ, ದೂರು ಶಾಂಪೂ ಮೇಲೆ ಬೀಳುತ್ತದೆ. ಸಾಮಾನ್ಯವಾಗಿ ಕೆಲವು ತಿಂಗಳಲ್ಲಿ ಕೂದಲು ಮತ್ತೆ ಬರುತ್ತದೆ. ಬಾರದಿದ್ದರೆ ಕಬ್ಬಿಣಾಂಶ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಕೊರತೆಯಿಲ್ಲದವರಿಗೆ ಬಯೋಟಿನ್ ಮಾತ್ರೆಯಿಂದ ಲಾಭವಿದೆ ಎನ್ನಲು ಗಟ್ಟಿ ಪುರಾವೆಯಿಲ್ಲ. ಮೇಲಾಗಿ ಅದು ಥೈರಾಯ್ಡ್ ಪರೀಕ್ಷೆಯ ಫಲಿತಾಂಶವನ್ನೇ ತಪ್ಪಾಗಿಸಬಲ್ಲದು.

ತಪ್ಪು ಕಲ್ಪನೆ: ಕಪ್ಪು ಮೆಹಂದಿ ಗಿಡಮೂಲಿಕೆ, ಅಪಾಯವಿಲ್ಲ.

ಸತ್ಯ: ಶುದ್ಧ ಮೆಹಂದಿ ಕೊಡುವುದು ಕೆಂಪು ಛಾಯೆ. ಅರ್ಧ ಗಂಟೆಯಲ್ಲಿ ಕಡುಗಪ್ಪಾದರೆ ಅದರಲ್ಲಿ ಹೆಚ್ಚಾಗಿ ಪಿಪಿಡಿ ಎಂಬ ರಾಸಾಯನಿಕ ಇರುತ್ತದೆ. ಕೆಲವರಿಗೆ ಅದರಿಂದ ಮುಖ ಊದಿಕೊಳ್ಳುವಷ್ಟು ಅಲರ್ಜಿಯಾಗುತ್ತದೆ. ಕಿವಿಯ ಹಿಂದೆ ಸ್ವಲ್ಪ ಹಚ್ಚಿ 48 ಗಂಟೆ ಕಾದು ನೋಡಿ. ಒಮ್ಮೆ ಒಗ್ಗಿದ್ದು ಸದಾ ಒಗ್ಗುತ್ತದೆ ಎಂದೇನಿಲ್ಲ.

ತಪ್ಪು ಕಲ್ಪನೆ: ಪಾರ್ಲರಿನ ಕೆರಾಟಿನ್ ಟ್ರೀಟ್‌ಮೆಂಟ್ ಕೂದಲಿಗೆ ಪೋಷಣೆ.

ಸತ್ಯ: ಸತ್ತ ಎಳೆಗೆ ಪೋಷಣೆ ಎಂಬುದಿಲ್ಲ. ಅದು ಕೆಲವು ತಿಂಗಳ ನುಣುಪು ಅಷ್ಟೇ. ಹೊಸದಾಗಿ ಹುಟ್ಟುವ ಕೂದಲು ಹಳೆಯ ರೂಪದಲ್ಲೇ ಬರುತ್ತದೆ. ಇಂಥ ಎಷ್ಟೋ ದ್ರಾವಣಗಳು ಬಿಸಿ ಇಸ್ತ್ರಿ ತಾಗಿದಾಗ ಫಾರ್ಮಾಲ್ಡಿಹೈಡ್ ಹೊರಬಿಡುತ್ತವೆ. ಕಣ್ಣು, ಗಂಟಲು ಉರಿದರೆ ಅಲ್ಲಿಗೇ ನಿಲ್ಲಿಸಲು ಹೇಳಿ.

ತಪ್ಪು ಕಲ್ಪನೆ: ನಟಿಯ ಫೋಟೊ ತೋರಿಸಿದರೆ ಅದೇ ಕಟ್ ನಮಗೂ ಬರುತ್ತದೆ.

ಸತ್ಯ: ಕೆಲಸ ಬಲ್ಲ ಕೇಶ ವಿನ್ಯಾಸಕರು ಫೋಟೊಗಿಂತ ನಿಮ್ಮ ತಲೆಯನ್ನು ಹೆಚ್ಚು ನೋಡುತ್ತಾರೆ. ಒದ್ದೆ ಮಾಡುವ ಮೊದಲೇ ಸುಳಿ ಎಲ್ಲಿದೆ, ಕೂದಲು ಎಷ್ಟು ದಟ್ಟವಾಗಿದೆ ಎಂದು ಗಮನಿಸುತ್ತಾರೆ. ಗುಂಗುರು ಕೂದಲು ಒಣಗಿದಾಗ ಮೇಲೇರುತ್ತದೆ ಎಂದು ಗೊತ್ತಿದ್ದು ಕಡಿಮೆಯೇ ಕತ್ತರಿಸುತ್ತಾರೆ. ವಾರಕ್ಕೆಷ್ಟು ಬಾರಿ ತಲೆಸ್ನಾನ, ಬೆಳಿಗ್ಗೆ ಬಾಚಲು ಎಷ್ಟು ಹೊತ್ತು ಸಿಗುತ್ತದೆ ಎಂದು ಕೇಳುತ್ತಾರೆ. ನೆತ್ತಿಯ ಹಿಂಭಾಗದ ಬೋಳು ಮಚ್ಚೆ ನಮಗಿಂತ ಮೊದಲು ಕಾಣುವುದೂ ಅವರಿಗೇ. ಆಗ ದುಬಾರಿ ಎಣ್ಣೆ ಮಾರದೆ, ಚರ್ಮದ ಡಾಕ್ಟರಿಗೆ ತೋರಿಸಿ ಎನ್ನುವವರು ಸಿಕ್ಕರೆ ಬಿಡಬೇಡಿ.