ಓದಿದವರ ಎರಡು ಮಾತು

ಮದುರೆಯ ಕಡೆಯಿಂದ ಕೊಡೈಕನಾಲಿಗೆ ಹೋಗುವವರು ದಾರಿಯಲ್ಲಿ ದಾಟಿಹೋಗುವ ಪೇಟೆಗಳಲ್ಲಿ ದಿಂಡಿಗಲ್ ಜಿಲ್ಲೆಯ ವತ್ತಲಗುಂಡು ಒಂದು. ಬಸ್ಸಿನಲ್ಲಿ ಕುಳಿತವರಿಗೆ ಅದು ಒಂದು ನಿಲ್ದಾಣ ಮಾತ್ರ. ತಮಿಳು ಸಾಹಿತ್ಯದ ಚರಿತ್ರೆ ಓದುವವರಿಗೆ ಆ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ತಮಿಳಿನ ಆರಂಭದ ಕಾದಂಬರಿಗಳಲ್ಲಿ ಒಂದಾದ ‘ಕಮಲಾಂಬಾಳ್ ಚರಿತ್ರಂ’ ಬರೆದ ಬಿ. ಆರ್. ರಾಜಂ ಅಯ್ಯರ್ 1872ರಲ್ಲಿ ಹುಟ್ಟಿದ್ದು ಇಲ್ಲಿ. ‘ಮಣಿಕ್ಕೊಡಿ’ ಪತ್ರಿಕೆಯನ್ನು ಸಣ್ಣಕತೆಗಳ ಪತ್ರಿಕೆಯಾಗಿ ಬೆಳೆಸಿದ ಬಿ. ಎಸ್. ರಾಮಯ್ಯ ಇದೇ ಊರಿನವರು. ತೇನಿ ಜಿಲ್ಲೆಯ ಚಿನ್ನಮನೂರಿನಲ್ಲಿ 1912ರಲ್ಲಿ ಹುಟ್ಟಿ ವತ್ತಲಗುಂಡಿನಲ್ಲಿ ಬೆಳೆದ ಚಿ. ಸು. ಚೆಲ್ಲಪ್ಪ 1959ರ ಜನವರಿಯಲ್ಲಿ ‘ಎಳುತ್ತು’ ಎಂಬ ಪತ್ರಿಕೆ ತಂದರು. ಕತೆ ಕವಿತೆಗಳಿಗೆ ಆಗಲೇ ಬೇಕಾದಷ್ಟು ಪತ್ರಿಕೆಗಳಿದ್ದವು. ಓದಿದ್ದರ ಬಗ್ಗೆ ಮನಬಿಚ್ಚಿ ಮಾತನಾಡಲು ಜಾಗವಿರಲಿಲ್ಲ. ಆ ಜಾಗವನ್ನು ಕಟ್ಟಲು ಅವರು ತಮ್ಮ ಕೈಯ ಹಣ, ಆಯುಷ್ಯ ಎರಡನ್ನೂ ಸುರಿದರು. ತೇನಿಯ ಕಂಬಂ ಕಣಿವೆ ಮತ್ತು ದಿಂಡಿಗಲ್ ಸೀಮೆಯ ಈ ಕಥನದಲ್ಲಿ ಕನ್ನಡ ಓದುಗರಿಗೂ ಸಲ್ಲುವ ಒಂದು ತಿಳಿವು ಇದೆ. ಖುಷಿಗೆಂದು ಪುಸ್ತಕ ಓದಿದ ಸಾಮಾನ್ಯ ಓದುಗರು ಅದರ ಬಗ್ಗೆ ಆಡುವ ಎರಡು ಮಾತನ್ನು ನಾವು ಹಗುರವಾಗಿ ನೋಡುತ್ತೇವೆ. ನಿಜವಾಗಿ ಸಾಹಿತ್ಯ ಉಸಿರಾಡುವುದೇ ಆ ಮಾತಿನಿಂದ.

ಚೆಲ್ಲಪ್ಪನವರ ಕಾಲದಲ್ಲಿ ತಮಿಳಿನಲ್ಲಿ ಒಂದು ದೊಡ್ಡ ವಾದ ನಡೆಯಿತು. ವಿಮರ್ಶಕ ಕ. ನಾ. ಸುಬ್ರಮಣ್ಯಂ ರುಚಿಯ ಪಕ್ಷ ವಹಿಸಿದರು. ಚೆನ್ನಾಗಿ ಓದಿ ಪಳಗಿದವನಿಗೆ ಒಳ್ಳೆಯ ಕೃತಿ ಯಾವುದೆಂದು ತಾನಾಗಿ ತಿಳಿಯುತ್ತದೆ, ಅದನ್ನು ನಿರ್ಭಿಡೆಯಿಂದ ಹೇಳಿದರೆ ಸಾಕು ಎಂಬುದು ಅವರ ನಿಲುವು. ತಮಗೆ ಮೆಚ್ಚಿಗೆಯಾದ ಪುಸ್ತಕಗಳ ಪಟ್ಟಿಯನ್ನೇ ಕೊಡುತ್ತಿದ್ದರು. ಚೆಲ್ಲಪ್ಪನವರಿಗೆ ಅದು ಸಾಲದಾಯಿತು. ಕೃತಿ ಯಾಕೆ ಚೆನ್ನಾಗಿದೆ, ಎಲ್ಲಿ ಸೋತಿದೆ ಎಂದು ಬಿಡಿಸಿ ತೋರಿಸಬೇಕು, ಇಲ್ಲದಿದ್ದರೆ ಆ ಮಾತು ಹೇಳಿದವನ ಬಳಿಯೇ ಉಳಿಯುತ್ತದೆ ಎಂದು ಅವರು ಹಟ ಹಿಡಿದರು. ಇಬ್ಬರ ಮಾತಿನಲ್ಲೂ ಸತ್ಯವಿದೆ. ಮನೆಯ ಜಗಲಿಯ ಮೇಲೆ ಅಥವಾ ಊಟದ ನಡುವೆ ನಡೆಯುವ ಪುಸ್ತಕದ ಮಾತು ಶುರುವಾಗುವುದು ರುಚಿಯಿಂದ. ಹಿಡಿಸಿತು, ಹಿಡಿಸಲಿಲ್ಲ ಎನ್ನುತ್ತೇವೆ. ಎದುರಿಗಿದ್ದವರು ಯಾಕೆ ಎಂದು ಕೇಳಿದ ಕೂಡಲೇ ನಾವು ಚೆಲ್ಲಪ್ಪನವರ ದಾರಿಗೆ ಬಂದಿರುತ್ತೇವೆ. ಸಾಮಾನ್ಯ ಓದುಗರ ಹರಟೆಯಲ್ಲಿ ಈ ಎರಡೂ ದಾರಿಗಳು ಯಾವ ಜಗಳವೂ ಇಲ್ಲದೆ ಸೇರುತ್ತವೆ. ವಿಮರ್ಶಕರು ವರ್ಷಗಟ್ಟಲೆ ವಾದಿಸಿದ ಪ್ರಶ್ನೆಯನ್ನು ಅಕ್ಕತಂಗಿಯರು ಕಾಫಿ ಕುಡಿಯುತ್ತ ನಿಭಾಯಿಸುತ್ತಾರೆ.

ಇಂಥ ಮಾತಿಗೆ ಕಿವಿಗೊಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಇದೇ ಸೀಮೆಯ ಸಾಕ್ಷಿ ಇದೆ. ವೆಂಕಟ್ ಸ್ವಾಮಿನಾಥನ್ ಬಾಲ್ಯವನ್ನು ಕಳೆದದ್ದು ವತ್ತಲಗುಂಡಿನ ಹತ್ತಿರದ ನಿಲಕ್ಕೋಟೈಯಲ್ಲಿ, ಮಾವನ ಮನೆಯಲ್ಲಿ. ಮುಂದೆ ಅವರು ನೌಕರಿಗಾಗಿ ಒಡಿಶಾದ ಹಿರಾಕುಡ್ ಅಣೆಕಟ್ಟಿನ ಕೆಲಸಕ್ಕೆ ಹೋದರು, ಆಮೇಲೆ ದೆಹಲಿಯಲ್ಲಿ ನೆಲೆಸಿದರು. ಸಾಹಿತ್ಯದ ಮೇಷ್ಟರಲ್ಲ, ಆಗಿನ್ನೂ ಬರೆದು ಹೆಸರು ಮಾಡಿದವರೂ ಅಲ್ಲ. 1960ರ ಸುಮಾರಿಗೆ ‘ಎಳುತ್ತು’ ಓದಿ, ತನಗನ್ನಿಸಿದ್ದನ್ನು ಪತ್ರ ಬರೆದು ಕಳಿಸಿದ ಒಬ್ಬ ಚಂದಾದಾರ. ಚೆಲ್ಲಪ್ಪ ಆ ಮಾತಿಗೆ ಜಾಗ ಕೊಟ್ಟರು. ಹಾಗೆ ಓದುಗನಾಗಿ ಒಳಬಂದ ವ್ಯಕ್ತಿ ಮುಂದಿನ ಐದು ದಶಕ ತಮಿಳಿನ ಅತ್ಯಂತ ನಿಷ್ಠುರ ವಿಮರ್ಶಕರಲ್ಲಿ ಒಬ್ಬರಾಗಿ ಬಾಳಿದರು. ಎಲ್ಲ ಓದುಗರೂ ಹೀಗೆ ವಿಮರ್ಶಕರಾಗಬೇಕೆಂದು ಯಾರೂ ಹೇಳುವುದಿಲ್ಲ. ಆದರೆ ವಿಮರ್ಶಕನ ಬೇರು ಎಲ್ಲಿದೆ ಎನ್ನುವುದನ್ನು ಈ ಪ್ರಸಂಗ ಸ್ಪಷ್ಟವಾಗಿ ತೋರಿಸುತ್ತದೆ. ಮೊದಲು ಸಂತೋಷಕ್ಕೆ ಓದಿದ, ಓದಿದ್ದನ್ನು ಹೇಳದೆ ಇರಲಾರದ ಒಬ್ಬ ಮನುಷ್ಯ ಇರುತ್ತಾನೆ. ಪಾಂಡಿತ್ಯ ಆಮೇಲೆ ಬರುತ್ತದೆ.

ಓದುಗರ ಮಾತಿಗೆ ಇನ್ನೊಂದು ಬಲವೂ ಇದೆ. ಅವರು ತಮ್ಮ ಬದುಕಿನ ತಿಳಿವಳಿಕೆಯನ್ನು ಪುಸ್ತಕದ ಪಕ್ಕದಲ್ಲಿಟ್ಟು ನೋಡುತ್ತಾರೆ. ಚೆಲ್ಲಪ್ಪನವರ ‘ವಾಡಿವಾಸಲ್’ 1959ರಲ್ಲಿ ಪುಸ್ತಕವಾಗಿ ಬಂದ ಪುಟ್ಟ ಕಾದಂಬರಿ. ಜಲ್ಲಿಕಟ್ಟಿನ ಒಂದು ದಿನ, ಕಾರಿ ಎಂಬ ಹೋರಿ, ಅದನ್ನು ಹಿಡಿಯಲು ಬಂದ ಪಿಚ್ಚಿ, ಹೋರಿಯ ಒಡೆಯನಾದ ಜಮೀನ್ದಾರ, ಇಷ್ಟೇ ಅದರ ಲೋಕ. ಕಾರಿಯ ಕಣ್ಣು, ಕೊಂಬು, ಅದು ನೆಲ ಕೆರೆಯುವ ಬಗೆ ಸರಿಯಾಗಿ ಬಂದಿದೆಯೇ ಎಂದು ಚೆನ್ನೈಯ ವಿಮರ್ಶಕರಿಗಿಂತ ಖಚಿತವಾಗಿ ಹೇಳಬಲ್ಲವರು ದನಗಳ ನಡುವೆ ಬೆಳೆದವರು. ಕಂಬಂ ಕಣಿವೆಯಲ್ಲಿ ಅಂಥವರು ಧಾರಾಳವಾಗಿದ್ದಾರೆ, ಅವರಲ್ಲಿ ಕನ್ನಡ ಮಾತನಾಡುವವರೂ ಇದ್ದಾರೆ. ಅಲ್ಲಿನ ಒಕ್ಕಲಿಗ ಕಪ್ಪಿಲಿಯರು ತಲೆಮಾರುಗಳ ಹಿಂದೆ ಕನ್ನಡ ನಾಡಿನಿಂದ ದಕ್ಷಿಣಕ್ಕೆ ಹೋದವರು. 1909ರಲ್ಲಿ ಎಡ್ಗರ್ ಥರ್ಸ್ಟನ್ ಪ್ರಕಟಿಸಿದ ದಕ್ಷಿಣ ಭಾರತದ ಜಾತಿಗಳ ಕುರಿತ ಸಂಪುಟಗಳಲ್ಲಿ ಇವರನ್ನು ಕನ್ನಡ ಮಾತಿನ ಬೇಸಾಯಗಾರರೆಂದು ದಾಖಲಿಸಲಾಗಿದೆ. ಕಂಬಂನಲ್ಲಿ ಇವರು ದೇವರಿಗೆಂದು ಸಾಕುವ ದನಗಳ ಹಿಂಡನ್ನು ತಮಿಳಿನಲ್ಲಿ ತಂಬಿರಾನ್ ಮಾಡು ಎನ್ನುತ್ತಾರೆ. ಹಿಂಡಿಗೊಂದು ಪಟ್ಟದ ಹೋರಿಯನ್ನು ಇಟ್ಟುಕೊಂಡು ಬಂದ ಸಮುದಾಯದ ಓದುಗರು ‘ವಾಡಿವಾಸಲ್’ ಬಗ್ಗೆ ಆಡುವ ಒಂದು ವಾಕ್ಯಕ್ಕೆ ಒಂದು ಲೇಖನದ ತೂಕವಿರುತ್ತದೆ.

ಈ ಕನ್ನಡಿಗರ ಓದಿನ ಸ್ಥಿತಿ ವಿಶೇಷವಾದದ್ದು. ಮನೆಯೊಳಗೆ ಆಡುವುದು ಕನ್ನಡ, ಶಾಲೆಯಲ್ಲಿ ಕಲಿತದ್ದು, ಓದುವುದು ತಮಿಳು. ನಮ್ಮ ಪುಸ್ತಕಗಳು ನಮ್ಮ ಲಿಪಿಯಲ್ಲಿ ಅವರ ಕೈಗೆ ಹೋದರೆ ಹೆಚ್ಚಿನವರಿಗೆ ಓದಲಾಗದು. ಆದರೂ ದಾರಿ ಮುಚ್ಚಿಲ್ಲ. ಎಸ್. ಎಲ್. ಭೈರಪ್ಪನವರ ‘ಪರ್ವ’ವನ್ನು ಪಾವಣ್ಣನ್ ‘ಪರುವಂ’ ಎಂದು ತಮಿಳಿಗೆ ತಂದರು, ಅದಕ್ಕೆ ಸಾಹಿತ್ಯ ಅಕಾಡೆಮಿಯ ಅನುವಾದ ಪ್ರಶಸ್ತಿಯೂ ಬಂತು. ನೇಮಿಚಂದ್ರರ ‘ಯಾದ್ ವಶೇಮ್’ ಕಾದಂಬರಿಯ ತಮಿಳು ಅನುವಾದಕ್ಕಾಗಿ ಕೆ. ನಲ್ಲತಂಬಿ ಅವರಿಗೆ 2022ರ ಸಾಲಿನ ಅದೇ ಪ್ರಶಸ್ತಿ ಸಂದಿತು. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ಕೂಡ ತಮಿಳಿನಲ್ಲಿದೆ. ಕನ್ನಡದಲ್ಲಿ ಬರೆದ ಕಾದಂಬರಿಯನ್ನು ತಮಿಳಿನಲ್ಲಿ ಓದಿ, ಅದರ ಬಗ್ಗೆ ಮನೆಯವರೊಡನೆ ಮತ್ತೆ ಕನ್ನಡದಲ್ಲೇ ಮಾತನಾಡಲು ಇಂಥ ಕುಟುಂಬಗಳಿಗೆ ಸಾಧ್ಯವಿದೆ. ಬರಹದಲ್ಲಿ ಕೈತಪ್ಪಿದ ಭಾಷೆ ಬಾಯಿಮಾತಿನ ಅಭಿಪ್ರಾಯದಲ್ಲಿ ಕೈಸೇರುತ್ತದೆ. ಅಡುಗೆ, ಹೊಲ, ದನಕರುಗಳ ಮಾತಿಗೆ ಮೀಸಲಾಗಿ ಉಳಿದ ಮನೆಮಾತು ಒಂದು ಕಾದಂಬರಿಯ ನ್ಯಾಯ ಅನ್ಯಾಯವನ್ನು ತೂಗತೊಡಗಿದರೆ ಅದರ ಶಕ್ತಿ ಬೆಳೆಯುತ್ತದೆ. ಭಾಷೆ ಉಳಿಸುವ ಬಗ್ಗೆ ಭಾಷಣ ಮಾಡುವವರು ಈ ಸಣ್ಣ ಸಾಧ್ಯತೆಯನ್ನು ಗಂಭೀರವಾಗಿ ಯೋಚಿಸಬೇಕು.

ಸಾಮಾನ್ಯ ಓದುಗರ ಮಾತಿಗೆ ಇಷ್ಟು ಬೆಲೆ ಕೊಡುವುದಕ್ಕೆ ಆಕ್ಷೇಪಗಳಿವೆ, ಅವನ್ನು ತಳ್ಳಿಹಾಕುವಂತಿಲ್ಲ. ಆಳವಿಲ್ಲದ ಅಭಿಪ್ರಾಯಗಳ ಗದ್ದಲದಲ್ಲಿ ಗಂಭೀರ ವಿಮರ್ಶೆ ಮುಳುಗಿಹೋಗುತ್ತದೆ ಎನ್ನುವುದು ಮೊದಲನೆಯದು. ಗದ್ದಲ ಇರುವುದು ನಿಜ. ಆದರೆ ಮಾತೇ ಇಲ್ಲದ ಕಡೆ ವಿಮರ್ಶೆ ಬೆಳೆದ ಉದಾಹರಣೆ ಇಲ್ಲ. ಕನ್ನಡದ ನವ್ಯ ವಿಮರ್ಶೆಯನ್ನೇ ನೋಡಿ. ಗೋಪಾಲಕೃಷ್ಣ ಅಡಿಗರ ‘ಸಾಕ್ಷಿ’ ಪತ್ರಿಕೆಗೆ ಬಿಸಿಯಾಗಿ ಜಗಳವಾಡುವ ಓದುಗ ಬಳಗವಿತ್ತು. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆಯ ಅಟ್ಟದಲ್ಲಿ ಲೇಖಕರು, ಓದುಗರು ಸೇರಿ ಹರಟುತ್ತಿದ್ದರು, ಕೀರ್ತಿನಾಥ ಕುರ್ತಕೋಟಿಯವರಂಥ ವಿಮರ್ಶಕರು ಆ ಹರಟೆಯ ಸಹವಾಸದಲ್ಲೇ ಇದ್ದವರು. ಎರಡನೆಯ ಆಕ್ಷೇಪ ಹೆಚ್ಚು ನಾಟುತ್ತದೆ. ಪರಿಚಯದವರ ಪುಸ್ತಕವನ್ನು ಹೊಗಳುವುದು, ಹೆಸರಾಂತ ಪುಸ್ತಕವನ್ನು ಓದದೆ ಮೆಚ್ಚುವುದು, ಪ್ರಶಸ್ತಿ ಬಂದದ್ದನ್ನು ಒಪ್ಪದಿರಲು ಹೆದರುವುದು ನಮ್ಮಲ್ಲಿ ಸಾಮಾನ್ಯ. ಹಾಗಾದಾಗ ಓದುಗರ ಮಾತೂ ಮುನ್ನುಡಿಗಳಷ್ಟೇ ಪೊಳ್ಳಾಗುತ್ತದೆ. ಇದಕ್ಕಿರುವ ಮದ್ದು ಪ್ರಾಮಾಣಿಕತೆ ಒಂದೇ. ಅರ್ಧಕ್ಕೆ ಬಿಟ್ಟ ಪುಸ್ತಕವನ್ನು ಅರ್ಧಕ್ಕೆ ಬಿಟ್ಟೆ ಎನ್ನಬೇಕು. ಎಲ್ಲರೂ ಮೆಚ್ಚಿದ್ದು ತನಗೆ ರುಚಿಸದಿದ್ದರೆ ಎಲ್ಲಿ ರುಚಿ ಕೆಟ್ಟಿತೆಂದು ಹೇಳಬೇಕು. ಖುಷಿಗೆ ಓದಿದವರಿಗೆ ಈ ಸ್ವಾತಂತ್ರ್ಯ ಉಳಿದವರಿಗಿಂತ ಹೆಚ್ಚು, ಏಕೆಂದರೆ ಅವರಿಗೆ ಪರೀಕ್ಷೆಯೂ ಇಲ್ಲ, ಲೇಖಕರ ಹಂಗೂ ಇಲ್ಲ.

ಮೂರನೆಯ ಆಕ್ಷೇಪ ಕೇಳಿಬರುವುದು ಮನೆಗಳಲ್ಲೇ. ಕೆಲಸಕ್ಕೆ ಬಾರದ ಕತೆಪುಸ್ತಕ ಓದಿ, ಅದರ ಬಗ್ಗೆ ಮಾತನಾಡುತ್ತ ಕೂರಲು ದುಡಿಯುವ ಜನರಿಗೆ ಪುರಸೊತ್ತೆಲ್ಲಿ ಎಂಬ ಪ್ರಶ್ನೆ ಅದು. ಗ್ರಂಥಾಲಯ ವಿಜ್ಞಾನಕ್ಕೆ ಅಡಿಪಾಯ ಹಾಕಿದ ಎಸ್. ಆರ್. ರಂಗನಾಥನ್ ಇದಕ್ಕೆ ಬೇರೆ ರೀತಿಯಲ್ಲಿ ಉತ್ತರ ಕೊಟ್ಟಿದ್ದಾರೆ. 1931ರಲ್ಲಿ ಅವರು ಮಂಡಿಸಿದ ಐದು ಸೂತ್ರಗಳ ತಿರುಳು ಪುಸ್ತಕ ಇರುವುದು ಬಳಕೆಗೆ, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎನ್ನುವುದು. ಖುಷಿಗೆ ಓದುವುದನ್ನು ಅವರು ಹೊರಗಿಡಲಿಲ್ಲ. ಮದ್ರಾಸ್ ಪ್ರಾಂತದಲ್ಲಿ 1948ರಲ್ಲಿ ಬಂದ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಹಿಂದೆ ಅವರ ದುಡಿಮೆ ಇದೆ. ನಮ್ಮಲ್ಲಿ ಅಂಥ ಕಾಯ್ದೆ ಬಂದದ್ದು 1965ರಲ್ಲಿ. ತಮಿಳುನಾಡಿನ ಸರಕಾರಿ ಗ್ರಂಥಾಲಯಗಳೊಂದಿಗೆ ವಾಸಗರ್ ವಟ್ಟಂ ಎಂಬ ಓದುಗರ ಬಳಗಗಳಿವೆ. ಓದಿದವರು ಓದಿದ್ದನ್ನು ನಾಲ್ಕು ಜನರ ಮುಂದೆ ಹೇಳುವ ವ್ಯವಸ್ಥೆ ಅದು. ಕಪಾಟಿನಲ್ಲಿರುವ ಪುಸ್ತಕ ತನ್ನ ಓದುಗರನ್ನು ತಾನೇ ಹುಡುಕಿಕೊಂಡು ಹೋಗಲಾರದು. ಒಬ್ಬ ಓದುಗರು ಇನ್ನೊಬ್ಬರಿಗೆ, ನಿಮಗೆ ಇದು ಹಿಡಿಸಬಹುದು ಎಂದಾಗಲೇ ರಂಗನಾಥನ್ ಅವರ ಸೂತ್ರ ಪೂರ್ತಿಯಾಗುತ್ತದೆ. ದುಡಿಯುವವರಿಗೆ ಸಮಯ ಕಡಿಮೆ ಎಂಬುದೇ ನಂಬಿಕಸ್ಥರ ಶಿಫಾರಸಿಗೆ ಬೆಲೆ ಕೊಡುತ್ತದೆ.

ಚೆಲ್ಲಪ್ಪ ‘ಎಳುತ್ತು’ವನ್ನು 1970ರವರೆಗೆ ಎಳೆದುಕೊಂಡು ಬಂದರು. ಪುಸ್ತಕದ ಗಂಟು ಹೊತ್ತು ಕಾಲೇಜುಗಳಿಗೆ ಹೋಗಿ ಮಾರಿದರು. ಅವರಿಗಿಂತ ಬಹಳ ಮೊದಲು ಕನ್ನಡದಲ್ಲಿ ಗಳಗನಾಥರು ಹಾಗೆಯೇ ಊರೂರಿಗೆ ಪುಸ್ತಕ ಹೊತ್ತಿದ್ದರು. ಲೇಖಕರು ಅಷ್ಟು ದೂರ ಹೊತ್ತು ತಂದದ್ದನ್ನು ಮುಂದಿನ ಒಂದು ಮನೆಗೆ ಮುಟ್ಟಿಸುವ ಕೆಲಸ ಓದುಗರದ್ದು, ಅದಕ್ಕೆ ಬೇಕಾದದ್ದು ಎರಡು ಪ್ರಾಮಾಣಿಕ ಮಾತು. ಈ ತಿಂಗಳು ನೀವು ಖುಷಿಗೆ ಓದಿದ ಪುಸ್ತಕವೊಂದಿದ್ದರೆ ಅದರ ಬಗ್ಗೆ ಒಬ್ಬರಿಗಾದರೂ ಹೇಳಿ. ಹಿಡಿಸಿದ್ದರೆ ಯಾಕೆ, ಹಿಡಿಸದಿದ್ದರೆ ಎಲ್ಲಿ ಎಂಬುದನ್ನೂ ಸೇರಿಸಿ. ನಿಮ್ಮ ಮನೆಯ ಭಾಷೆಯಲ್ಲೇ ಹೇಳಿ.