ಸಹ್ಯಾದ್ರಿಯ ಮಳೆ, ಕಡಲಿನ ಕಾಣದ ಬೆಳೆ

ಬೆಳಗಾವಿಯಿಂದ ಚೋರ್ಲಾ ಘಟ್ಟವನ್ನಿಳಿದು ಪಣಜಿಗೆ ಹೋಗುವ ದಾರಿಯಲ್ಲಿರುವ ಜಾಂಬೋಟಿಯು ದಟ್ಟವಾದ ಅರಣ್ಯಕ್ಕೂ ಧಾರಾಕಾರವಾದ ಮಳೆಗೂ ಹೆಸರಾದ ಊರೇ ಹೊರತು, ಸಮುದ್ರದ ಜೀವರಾಶಿಯ ಮಾತು ಬಂದಾಗ ಯಾರೂ ನೆನೆಯತಕ್ಕ ಸ್ಥಳವಲ್ಲ. ಆದರೆ ಇಲ್ಲಿಯ ಬೆಟ್ಟಗಳ ನೆತ್ತಿಯೇ ಜಲವಿಭಾಜಕ. ಜಾಂಬೋಟಿಗೆ 16 ಕಿಲೋಮೀಟರ್ ಪಶ್ಚಿಮಕ್ಕಿರುವ ಕಣಕುಂಬಿಯಲ್ಲಿ, ಸುಮಾರು 792 ಮೀಟರ್ ಎತ್ತರದಲ್ಲಿ ಹುಟ್ಟುವ ಮಲಪ್ರಭೆಯು, ಅರಬ್ಬೀ ಸಮುದ್ರವು ಅಷ್ಟು ಸಮೀಪದಲ್ಲಿದ್ದರೂ ಅದಕ್ಕೆ ಬೆನ್ನುಮಾಡಿ, ಪೂರ್ವಾಭಿಮುಖವಾಗಿ ಹರಿದು, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತಾಳೆ. ಕಣಕುಂಬಿಯಂತೆಯೇ ಖಾನಾಪುರ ತಾಲೂಕಿಗೆ ಸೇರಿದ ದೇಗಾಂವದ ಕಾಡಿನಲ್ಲಿ ಉಗಮಿಸುವ ಮಹದಾಯಿಯಾದರೋ ಘಟ್ಟವಿಳಿದು, ಗೋವೆಯಲ್ಲಿ ಮಾಂಡವಿಯೆನಿಸಿಕೊಂಡು, ಪಣಜಿಯ ಬಳಿ ಪಡುಗಡಲನ್ನು ಸೇರುತ್ತಾಳೆ.

ಈ ಮಹದಾಯಿಯ ನೀರಿನ ಹಂಚಿಕೆಯ ವಿವಾದ ಬೆಳೆದ ವರ್ಷಗಳಲ್ಲಿ, "ಸಮುದ್ರಕ್ಕೆ ವ್ಯರ್ಥವಾಗಿ ಹರಿದುಹೋಗುವ ನೀರು" ಎಂಬ ಮಾತನ್ನು ನಮ್ಮ ಕಡೆ ಕೇಳದವರಿಲ್ಲ. 2018ರ ಆಗಸ್ಟಿನಲ್ಲಿ ನ್ಯಾಯಾಧಿಕರಣವು ಕರ್ನಾಟಕಕ್ಕೆ 13.42 ಟಿಎಂಸಿ ಅಡಿ ನೀರನ್ನು ಹಂಚಿಕೊಟ್ಟಿತು. ಆ ಹಂಚಿಕೆಯ ನ್ಯಾಯಾನ್ಯಾಯಗಳನ್ನು ವಿಚಾರಿಸುವುದು ಈ ಲೇಖನದ ಉದ್ದೇಶವಲ್ಲ. ಆ ನೀರಿಗಾಗಿ ಕಾದಿರುವ ಹುಬ್ಬಳ್ಳಿ-ಧಾರವಾಡದವರ ಬಾಯಾರಿಕೆ ಸುಳ್ಳೂ ಅಲ್ಲ. ಆದರೆ ಕಡಲು ಸೇರಿದ ನೀರೆಲ್ಲ ವ್ಯರ್ಥವೆಂಬ ಲೆಕ್ಕ ಮಾತ್ರ ಸಮುದ್ರಶಾಸ್ತ್ರದ ಮುಂದೆ ನಿಲ್ಲುವುದಿಲ್ಲ. ಏಕೆಂದರೆ ಹೊಳೆಯು ಹೊತ್ತುಕೊಂಡು ಹೋಗುವುದು ಬರಿಯ ನೀರನ್ನಲ್ಲ. ಘಟ್ಟದ ಕರಿಕಲ್ಲನ್ನೂ ಜಂಬಿಟ್ಟಿಗೆಯನ್ನೂ ಮಳೆಯು ಯುಗಯುಗಾಂತರಗಳಿಂದ ತೊಳೆದು ಕರಗಿಸಿದ ಸಿಲಿಕಾಂಶ, ಕಾಡಿನಲ್ಲಿ ಕೊಳೆತ ತರಗೆಲೆಗಳ ಸಾರಜನಕ, ರಂಜಕ, ಕಬ್ಬಿಣ ಇವೆಲ್ಲವೂ ಅದರೊಡನೆ ಸಾಗುತ್ತವೆ. ಅಳಿವೆಯಲ್ಲಿಯೂ ಅದರಾಚೆಯ ತೀರದ ನೀರಿನಲ್ಲಿಯೂ ಇವುಗಳಿಗಾಗಿ ಕಾದಿರುವ ಜೀವಿಗಳಿವೆ.

ಅವುಗಳಲ್ಲಿ ಮುಖ್ಯವಾದದ್ದು ಡಯಾಟಮ್ ಎಂಬ ಏಕಕೋಶದ ಪಾಚಿ. ಒಂದು ಮಿಲಿಮೀಟರಿನ ನೂರರಲ್ಲೊಂದು ಭಾಗದಷ್ಟು, ಕೆಲವೊಮ್ಮೆ ಅದಕ್ಕಿಂತಲೂ ಕಿರಿದಾದ ಈ ಜೀವಿಯು ತನ್ನ ಸುತ್ತ ಗಾಜಿನಂಥ ಸಿಲಿಕಾ ಕವಚವೊಂದನ್ನು ಕಟ್ಟಿಕೊಳ್ಳುತ್ತದೆ. ಕವಚಕ್ಕೆ ಎರಡು ಹೋಳುಗಳು. ಕುಂಕುಮದ ಭರಣಿಗೆ ಮುಚ್ಚಳ ಕೂಡುವಂತೆ ದೊಡ್ಡ ಹೋಳು ಚಿಕ್ಕದರ ಮೇಲೆ ಕೂಡಿರುತ್ತದೆ. ಹೋಳುಗಳ ಮೇಲೆ ಸಾಲುಸಾಲಾಗಿ ಕೊರೆದ ರಂಧ್ರಗಳ ಕುಸುರಿಯನ್ನು ಸೂಕ್ಷ್ಮದರ್ಶಕದಲ್ಲಿ ಒಮ್ಮೆ ಕಂಡವರು ಬೇಗ ಮರೆಯಲಾರರು. ಕೋಶವು ಇಬ್ಭಾಗವಾದಾಗ ಪ್ರತಿಯೊಂದು ಮರಿಯೂ ಒಂದೊಂದು ಹೋಳನ್ನು ಪಡೆದು, ಅದನ್ನೇ ಮುಚ್ಚಳವಾಗಿಟ್ಟುಕೊಂಡು, ಒಳಗಿನದನ್ನು ಹೊಸದಾಗಿ ಕಟ್ಟಿಕೊಳ್ಳುತ್ತದೆ. ಹೀಗಾಗಿ ಚಿಕ್ಕ ಹೋಳು ಪಡೆದ ಸಂತತಿಯು ತಲೆಮಾರಿನಿಂದ ತಲೆಮಾರಿಗೆ ಕಿರಿದಾಗುತ್ತ ಹೋಗಿ, ಇನ್ನು ಕುಗ್ಗಲಾರೆನೆಂಬ ಮಟ್ಟಕ್ಕೆ ಬಂದಾಗ ಕವಚವನ್ನೇ ಕಳಚಿ, ಲೈಂಗಿಕ ಕ್ರಿಯೆಯ ಮೂಲಕ ಮರಳಿ ತನ್ನ ಪೂರ್ವದ ಗಾತ್ರವನ್ನು ಹೊಂದುತ್ತದೆ. ಬೆಳಕು, ಗೊಬ್ಬರ, ಸಿಲಿಕಾ ಮೂರೂ ಒದಗಿದರೆ ದಿನಕ್ಕೊಮ್ಮೆ ಇಮ್ಮಡಿಯಾಗುವ ಶಕ್ತಿ ಇದಕ್ಕುಂಟು.

ಮುಂಗಾರಿನಲ್ಲಿ ಈ ಮೂರೂ ಒದಗುತ್ತವೆ. ಗಾಳಿಯ ಬಲದಿಂದಲೂ ಭೂಭ್ರಮಣದ ಪ್ರಭಾವದಿಂದಲೂ ತೀರದ ಮೇಲ್ನೀರು ಹೊರಗಡಲಿನತ್ತ ಸರಿಯಲು, ಅದರ ಸ್ಥಾನಕ್ಕೆ ಆಳದ ತಣ್ಣನೆಯ ನೀರು ಮೇಲೆದ್ದು ಬರುತ್ತದೆ. ತಳದಲ್ಲಿ ಸಂಚಿತವಾದ ಪೋಷಕಾಂಶಗಳೆಲ್ಲ ಅದರೊಡನೆ ಬೆಳಕಿಗೆ ಬರುತ್ತವೆ. ದೊಡ್ಡ ಪಾಲು ಈ ಆಳದ ನೀರಿನದೇ ಎಂಬುದನ್ನು ಒಪ್ಪಲೇಬೇಕು. ಹೊಳೆಯ ಕಾಣಿಕೆಯು ಅಳಿವೆಗೂ ತೀರದಂಚಿಗೂ ಸಲ್ಲುವಂಥದು. ಜೂನ್ ಒಂದರಿಂದ ಜುಲೈ ಮುಗಿಯುವವರೆಗೆ ನಮ್ಮ ಕರಾವಳಿಯ ಯಾಂತ್ರಿಕ ದೋಣಿಗಳು ದಡದಲ್ಲಿ ನಿಂತಿರುವಾಗ ಕಡಲಿನಲ್ಲಿ ಈ ಬೆಳೆ ಏಳುತ್ತಿರುತ್ತದೆ. ತಾರ್ಲೆ ಮೀನು ಇದನ್ನೇ ಸೋಸಿ ತಿಂದು ಕೊಬ್ಬುತ್ತದೆ. ಫ್ರಾಜಿಲೇರಿಯಾ ಓಷಿಯಾನಿಕಾ ಎಂಬ ಡಯಾಟಮ್ ಕಡಲಿನಲ್ಲಿ ಹೇರಳವಾದರೆ ತಾರ್ಲೆಯ ಸುಗ್ಗಿಗೆ ಅದೇ ಸೂಚನೆಯೆಂದು ನಾಯರ್ ಮತ್ತು ಸುಬ್ರಹ್ಮಣ್ಯನ್ ಎಂಬ ವಿಜ್ಞಾನಿಗಳು 1955ರಷ್ಟು ಹಿಂದೆಯೇ ತೋರಿಸಿಕೊಟ್ಟರು. ಘಟ್ಟ ಹತ್ತಿ ಬೆಳಗಾವಿಯ ಪೇಟೆಗೆ ಬರುವ ಬಾಂಗಡಾ ಮೀನಿನ ಮೂಲವೂ, ಒಂದೆರಡು ಮೆಟ್ಟಿಲು ಇಳಿದು ನೋಡಿದರೆ, ಈ ಪಾಚಿಯೇ.

ಬೆಳೆ ಅತಿಯಾದರೆ ಅನರ್ಥವೂ ಉಂಟು. ಸತ್ತ ಪಾಚಿಯು ತಳಕ್ಕಿಳಿದು ಕೊಳೆಯುವಾಗ ಬ್ಯಾಕ್ಟೀರಿಯಾಗಳು ಅಲ್ಲಿಯ ಆಮ್ಲಜನಕವನ್ನು ಬಳಸಿಬಿಡುವುದರಿಂದ, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಗೋವೆ-ಕರ್ನಾಟಕದ ತೀರದಾಚೆಯ ತಳನೀರು ಪ್ರಾಣವಾಯುವಿಲ್ಲದೆ ಉಸಿರುಗಟ್ಟುತ್ತದೆ. ಬೇಸಗೆಯಲ್ಲಿ ಹೊಳೆ ಬಡವಾದಾಗ ಬೇರೆ ಜೀವಿಗಳ ಸರದಿ: ನೀರಿನಲ್ಲಿ ಕರಗಿದ ಸಾರಜನಕವನ್ನು ತಾನೇ ಗೊಬ್ಬರವಾಗಿಸಿಕೊಳ್ಳಬಲ್ಲ ಟ್ರೈಕೊಡೆಸ್ಮಿಯಂ, ಮರದ ಹೊಟ್ಟು ಚೆಲ್ಲಿದಂತೆ ಮೇಲೆ ತೇಲುತ್ತದೆ. 2020ರ ನವೆಂಬರಿನಲ್ಲಿ ನಮ್ಮ ಕರಾವಳಿಯ ಅಲೆಗಳು ಇರುಳಿನಲ್ಲಿ ನೀಲಿಯಾಗಿ ಮಿನುಗಿ ಜನ ಗುಂಪುಗೂಡಿದ್ದು ನಾಕ್ಟಿಲ್ಯೂಕ ಎಂಬ ಇನ್ನೊಂದು ಏಕಕೋಶಜೀವಿಯ ಪ್ರತಾಪ.

ಜಗತ್ತಿನ ದ್ಯುತಿಸಂಶ್ಲೇಷಣೆಯಲ್ಲಿ ಸುಮಾರು ಅರ್ಧ ಪಾಲು ಸಾಗರದ ಇಂಥ ಸೂಕ್ಷ್ಮಜೀವಿಗಳದು. ಇವುಗಳಲ್ಲಿ ಸಂಖ್ಯೆಯಿಂದ ಎಲ್ಲಕ್ಕಿಂತ ಮಿಗಿಲಾದ ಪ್ರೊಕ್ಲೋರೊಕಾಕಸ್ 1988ರವರೆಗೆ ವಿಜ್ಞಾನಕ್ಕೆ ಪರಿಚಯವೇ ಇರಲಿಲ್ಲವೆಂದರೆ, ಕಣ್ಣಿಗೆ ಕಾಣದ್ದನ್ನು ಲೆಕ್ಕಕ್ಕೆ ಹಿಡಿಯದ ದೋಷ ನಮ್ಮ ಸೀಮೆಯವರೊಬ್ಬರದೇ ಅಲ್ಲವೆಂದು ಸಮಾಧಾನಪಡಬಹುದು.

ಮಾಂಡವಿಯ ಅಳಿವೆಗೆ ಸಮೀಪದಲ್ಲಿಯೇ, ದೋನಾ ಪಾವ್ಲಾದಲ್ಲಿ, 1966ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯಿದೆ. ಅಲ್ಲಿಯವರೆಗೆ ಹೋಗಲಾಗದಿದ್ದರೂ ಚಿಂತೆಯಿಲ್ಲ. ಖಾನಾಪುರ, ಬೆಳಗಾವಿಗಳ ಕಾಲೇಜು ಅಧ್ಯಾಪಕರಲ್ಲಿ ನನ್ನ ಬಿನ್ನಹವಿಷ್ಟೆ: ಸೆಪ್ಟೆಂಬರಿನಲ್ಲಿ ಪಣಜಿಯ ಕಡೆ ಹೋದವರು ಮೀರಾಮಾರ್ ತೀರದಿಂದ ಒಂದು ಬಾಟಲಿ ನೀರು ತನ್ನಿರಿ, ಒಂದಿರುಳು ಅಲುಗಿಸದೆ ಇಡಿರಿ, ತಳದಲ್ಲಿ ಕುಳಿತದ್ದರ ಒಂದು ಹನಿಯನ್ನು ಪ್ರಯೋಗಶಾಲೆಯ ಸೂಕ್ಷ್ಮದರ್ಶಕದ ಕೆಳಗಿಟ್ಟು ವಿದ್ಯಾರ್ಥಿಗಳನ್ನು ಕರೆಯಿರಿ.